ಬೆರಳ ತುದಿಯ ಎರಡು ಅಂಕೆಗಳು



2021ರ ಜೂನ್‌ನಲ್ಲಿ ಮುಂಬಯಿಯಲ್ಲಿ ಕೊರೋನಾದ ಎರಡನೇ ಅಲೆ ಇಳಿಯುತ್ತಿತ್ತು. ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳು ಮಾತ್ರ ಇಳಿದಿರಲಿಲ್ಲ. ಏಪ್ರಿಲ್‌ನಲ್ಲಿ ಆಸ್ಪತ್ರೆ ಸೇರಿದವರ ಬಿಲ್ಲುಗಳು ಆಗ ನಮ್ಮ ಕೈಸೇರುತ್ತಿದ್ದವು. ಸಮಿತಿಯಲ್ಲಿ ಈ ಅರ್ಜಿಗಳನ್ನು ಓದಿ, ಮನೆಯವರ ಜೊತೆ ಮಾತಾಡುವ ಕೆಲಸ ನನ್ನದು. ದೊಡ್ಡ ಬಿಲ್ಲುಗಳ ಹಿಂದೆ ಮತ್ತೆ ಮತ್ತೆ ಕೇಳುವುದು ಒಂದೇ ಮಾತು: "ಜ್ವರ ಬಿಟ್ಟಿತ್ತು, ಚೆನ್ನಾಗಿಯೇ ಮಾತಾಡುತ್ತಿದ್ದರು. ಇದ್ದಕ್ಕಿದ್ದಂತೆ ಹೀಗಾಯಿತು."

ಇದ್ದಕ್ಕಿದ್ದಂತೆ ಆಗಿರುವುದಿಲ್ಲ. ಎರಡು ಮೂರು ದಿನ ಮೊದಲೇ ದೇಹ ಸೂಚನೆ ಕೊಟ್ಟಿರುತ್ತದೆ, ನೋಡುವವರು ಇರಲಿಲ್ಲ ಅಷ್ಟೆ. ಆ ಸೂಚನೆಯನ್ನು ಮನೆಯಲ್ಲೇ ಹಿಡಿಯುವುದು ಹೇಗೆ ಎಂದು ಹೇಳಲು ಈ ಬರಹ.

ನಮಗೆ ಉಬ್ಬಸವಾಗುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ. ಕೊರೋನಾದಲ್ಲಿ ಶ್ವಾಸಕೋಶ ಕೆಟ್ಟರೂ ಅನೇಕರಲ್ಲಿ ಆ ಅನಿಲ ಹೊರಗೆ ಹೋಗುತ್ತಲೇ ಇರುತ್ತದೆ, ಆಮ್ಲಜನಕ ಒಳಗೆ ಸೇರುವುದು ಮಾತ್ರ ಕಡಿಮೆಯಾಗುತ್ತದೆ. ಹಾಗಾಗಿ ಆಮ್ಲಜನಕ 85ಕ್ಕೆ ಇಳಿದಿದ್ದರೂ ಮನುಷ್ಯ ಚಹಾ ಕುಡಿಯುತ್ತಾ, ಫೋನಿನಲ್ಲಿ ಮಾತಾಡುತ್ತಾ ಕೂತಿರಬಹುದು. ಹೆಚ್ಚಾಗಿ ಇದು ರೋಗಲಕ್ಷಣ ಶುರುವಾದ ಐದನೇ ದಿನದಿಂದ ಹತ್ತನೇ ದಿನದೊಳಗೆ ಆಗುತ್ತದೆ. ದಿನ ಎಣಿಸಬೇಕಾದ್ದು ಮೊದಲ ಜ್ವರ ಅಥವಾ ಗಂಟಲು ನೋವಿನ ದಿನದಿಂದ, ಪರೀಕ್ಷೆಯ ವರದಿ ಬಂದ ದಿನದಿಂದ ಅಲ್ಲ.

ಇದನ್ನು ಹಿಡಿಯುವ ಸಾಧನ ಪಲ್ಸ್ ಆಕ್ಸಿಮೀಟರ್. ಬೆರಳಿನ ಮೂಲಕ ಕೆಂಪು ಮತ್ತು ಅತಿಗೆಂಪು ಬೆಳಕು ಹಾಯಿಸಿ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅದು ಲೆಕ್ಕ ಹಾಕುತ್ತದೆ. ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕೂರಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಉಗುರಿಗೆ ಬಣ್ಣವಾಗಲಿ ಮೆಹಂದಿಯಾಗಲಿ ಇಲ್ಲದ ಬೆರಳು ಬೇಕು. ಅಂಕೆ ಒಂದು ಕಡೆ ನಿಲ್ಲುವವರೆಗೆ ಕಾದು, ಗಂಟೆಯೊಂದಿಗೆ ಬರೆದಿಡಿ. ದಿನಕ್ಕೆ ಮೂರು ನಾಲ್ಕು ಸಲ ಸಾಕು.

ಆಕ್ಸಿಮೀಟರ್ ಎರಡು ಅಂಕೆ ತೋರಿಸುತ್ತದೆ. ಶೇಕಡಾ ಗುರುತು ಇರುವುದು ಆಮ್ಲಜನಕದ್ದು, ಇನ್ನೊಂದು ನಾಡಿಬಡಿತದ್ದು. ಅಂಧೇರಿಯ ಹೋಟೆಲೊಂದರಲ್ಲಿ ಕೆಲಸ ಮಾಡುವ ಕುಂದಾಪುರ ಕಡೆಯ ಒಬ್ಬ ಹುಡುಗ ಏಪ್ರಿಲ್‌ನಲ್ಲಿ ನನಗೆ ಫೋನ್ ಮಾಡಿ, "ತೊಂಬತ್ತೆಂಟ್ ಇತ್ತ್ ಅಕ್ಕ, ಎಂತ ತೊಂದ್ರಿ ಇಲ್ಲೆ" ಎಂದ. ಆಗಲೇ ಏಳನೇ ದಿನ. ಇನ್ನೊಂದು ಅಂಕೆ ಓದಪ್ಪ ಎಂದೆ. 91 ಎಂದ. ಅವನು ಖುಷಿಪಟ್ಟ 98 ನಾಡಿಬಡಿತವಾಗಿತ್ತು. ಅಂದು ಸಂಜೆಯೊಳಗೆ ವಾರ್ಡಿನ ವಾರ್ ರೂಮ್ ಮೂಲಕ ಹಾಸಿಗೆ ಸಿಕ್ಕಿತು. ಒಂಬತ್ತು ದಿನ ಆಮ್ಲಜನಕ ಕೊಟ್ಟರು. ವೆಂಟಿಲೇಟರ್ ಬೇಕಾಗಲಿಲ್ಲ. ಡಬ್ಬದೊಳಗಿನ ಸೂಚನೆ ಇಂಗ್ಲಿಷಿನಲ್ಲಿತ್ತು, ವಾರ್ಡಿನವರು ಕೊಟ್ಟ ಕರಪತ್ರ ಮರಾಠಿಯಲ್ಲಿತ್ತು. ಅವನಿಗೆ ಬೇಕಾಗಿದ್ದದ್ದು ಕನ್ನಡದಲ್ಲಿ ಒಂದು ಪ್ರಶ್ನೆ.

ಅಂಕೆಗಳ ಅರ್ಥ ಇಷ್ಟು. 95 ಮತ್ತು ಮೇಲಿದ್ದರೆ ಮನೆಯಲ್ಲೇ ಆರೈಕೆ ಮಾಡುತ್ತಾ ಗಮನವಿಡಿ. 94 ಅಥವಾ ಕೆಳಗೆ ಬಂದರೆ ಬೆರಳು ಬದಲಿಸಿ ಮತ್ತೊಮ್ಮೆ ನೋಡಿ, ಕೂಡಲೇ ವೈದ್ಯರಿಗೆ ತಿಳಿಸಿ. 90ಕ್ಕಿಂತ ಕೆಳಗಿದ್ದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೊರಡಿ. ಎದೆನೋವು, ಉಸಿರಿನ ಕಷ್ಟ ಅಥವಾ ಮಂಕು ಕವಿದಂತಾಗಿದ್ದರೆ ಅಂಕೆ ಎಷ್ಟೇ ಇರಲಿ, ಹೊರಡಿ.

ಕೂತಾಗ ಸರಿಯಿದ್ದರೂ ದಿನಕ್ಕೊಮ್ಮೆ ನಡೆದು ನೋಡಬೇಕು. ಬೆರಳಿಗೆ ಆಕ್ಸಿಮೀಟರ್ ಹಾಕಿಕೊಂಡು ಮನೆಯೊಳಗೇ ಆರು ನಿಮಿಷ ನಡೆಯಿರಿ. 60 ದಾಟಿದವರಿಗೆ ಮೂರು ನಿಮಿಷ ಸಾಕು, ಜೊತೆಗೆ ಒಬ್ಬರು ಇರಲಿ. ಅಸ್ತಮಾ ಇರುವವರು ಈ ಪರೀಕ್ಷೆ ಮಾಡಬಾರದು. ನಡೆದ ಮೇಲೆ ಅಂಕೆ ಮೂರಕ್ಕಿಂತ ಹೆಚ್ಚು ಇಳಿದರೆ, ಅಥವಾ 94ಕ್ಕಿಂತ ಕೆಳಗೆ ಬಂದರೆ, ಅದೇ ಸೂಚನೆ. ಹಾಸಿಗೆ ಸಿಗುವವರೆಗೆ ಹೊಟ್ಟೆ ಅಡಿಯಾಗಿ ಮಲಗಿದರೆ ಅನೇಕರಿಗೆ ಆಮ್ಲಜನಕ ಸ್ವಲ್ಪ ಏರುತ್ತದೆ. ಗರ್ಭಿಣಿಯರು, ತೀವ್ರ ಹೃದ್ರೋಗ ಇರುವವರು ಹಾಗೆ ಮಲಗಬಾರದು. 2021ರಲ್ಲಿ ಮುಂಬಯಿಯ 24 ವಾರ್ಡುಗಳಲ್ಲಿಯೂ ಹಾಸಿಗೆ ಹಂಚುತ್ತಿದ್ದುದು ವಾರ್ ರೂಮ್. ಆಗ ಮಹಾನಗರ ಪಾಲಿಕೆಯ 1916ಕ್ಕೆ ಕರೆ ಮಾಡಬೇಕಿತ್ತು.

ಹತ್ತಕ್ಕೆ ಹತ್ತರ ಖೋಲಿಯಲ್ಲಿ ಆರು ಜನ ಇರುವಾಗ ದೂರ ಇರಿ ಎಂದರೆ ಎಲ್ಲಿಗೆ ಹೋಗಬೇಕು? ಸರಿಯಾದ ಪ್ರಶ್ನೆ. ಧಾರಾವಿಯನ್ನು ನೋಡಿ. ಎರಡೂವರೆ ಚದರ ಕಿಲೋಮೀಟರಿನೊಳಗೆ ಎಂಟು ಲಕ್ಷಕ್ಕೂ ಮೀರಿದ ಜನ ಎಂಬ ಅಂದಾಜಿದೆ, ಬಹುಪಾಲು ಮಂದಿಗೆ ಸಾಮೂಹಿಕ ಶೌಚಾಲಯವೇ ಗತಿ. 2020ರ ಏಪ್ರಿಲ್ 1ರಂದು ಅಲ್ಲಿ ಮೊದಲ ರೋಗಿ ಪತ್ತೆಯಾದಾಗ ಇಡೀ ನಗರ ಬೆಚ್ಚಿತ್ತು. ಆಗ ಅಲ್ಲಿನ ವೈದ್ಯರು, ಪಾಲಿಕೆಯವರು ರೋಗಿ ಬರಲಿ ಎಂದು ಕಾಯಲಿಲ್ಲ. ಜ್ವರಮಾಪಕ, ಆಕ್ಸಿಮೀಟರ್ ಹಿಡಿದು ಗಲ್ಲಿಗಲ್ಲಿಗೆ ಹೋದರು. ಸೋಂಕಿತರನ್ನು ಶಾಲೆ, ಸಭಾಭವನಗಳಿಗೆ ಸ್ಥಳಾಂತರಿಸಿದರು. ಜುಲೈ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರೇ ಧಾರಾವಿಯ ಹೆಸರು ಹೇಳಿ ಮೆಚ್ಚಿದರು. ಆದ್ದರಿಂದ ಚಿಕ್ಕ ಮನೆಯಲ್ಲಿದ್ದವರು ಪಾಲಿಕೆಯ ಆರೈಕೆ ಕೇಂದ್ರಕ್ಕೆ ಹೋಗಲು ಅಂಜಬೇಕಿರಲಿಲ್ಲ. ಮನೆಯಲ್ಲೇ ಇರಬೇಕಾದರೆ ಕಿಟಕಿ ಬಾಗಿಲು ತೆರೆದಿಡಿ. ಮುಚ್ಚಿದ ಕೋಣೆಯ ಗಾಳಿಯಲ್ಲಿ ಸೋಂಕು ನಿಲ್ಲುತ್ತದೆ. ಸಾಮೂಹಿಕ ಶೌಚಾಲಯಕ್ಕೆ ಹೋಗುವಾಗ ಮೂಗು ಬಾಯಿ ಎರಡೂ ಮುಚ್ಚುವ ಮಾಸ್ಕ್ ಇರಲಿ, ಬಂದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಔಷಧಿಯ ಬಗ್ಗೆ ಒಂದು ಮಾತು. ರೆಮ್‌ಡೆಸಿವಿರ್‌ಗಾಗಿ ಒಡವೆ ಅಡವಿಟ್ಟವರ ಅರ್ಜಿಗಳೂ ನಮ್ಮಲ್ಲಿವೆ. ಮನೆಯಲ್ಲಿ ಆರೈಕೆ ಪಡೆಯುವ ರೋಗಿಗೆ ಅದನ್ನು ಕೊಡುವಂತಿಲ್ಲ. ಸ್ಟಿರಾಯ್ಡ್ ಉಪಯೋಗವಾಗುವುದು ಆಮ್ಲಜನಕ ಇಳಿದವರಿಗೆ. ಇಳಿಯುವ ಮೊದಲೇ ನಾವಾಗಿ ನುಂಗಿದರೆ ಕೆಡುಕು, ಸಕ್ಕರೆ ಕಾಯಿಲೆಯವರಿಗೆ ಕಪ್ಪು ಶಿಲೀಂಧ್ರದ ಅಪಾಯ ಬೇರೆ. ಲಸಿಕೆಯ ಎರಡೂ ಡೋಸ್ ತಪ್ಪದೆ ಹಾಕಿಸಿಕೊಳ್ಳಬೇಕಿತ್ತು. 2021ರ ಜೂನ್‌ನ ನಿಯಮದಂತೆ ಎರಡು ಡೋಸ್‌ಗಳ ಅಂತರ ಕೋವಿಶೀಲ್ಡ್‌ಗೆ 12ರಿಂದ 16 ವಾರ, ಕೋವ್ಯಾಕ್ಸಿನ್‌ಗೆ 4ರಿಂದ 6 ವಾರ ಇತ್ತು. ಕೋವಿನ್‌ನಲ್ಲಿ ಹೆಸರು ನೋಂದಾಯಿಸಲು ಬಾರದ ಹಿರಿಯರಿಗೆ ಸಂಘದ ಕಚೇರಿಯಲ್ಲಿ ನಮ್ಮ ಯುವಕರು ಮಾಡಿಕೊಡುತ್ತಿದ್ದರು.

ದಾನಿಗಳಲ್ಲಿ ನನ್ನ ಅರಿಕೆ ಮೂರು. ಮನೆಯ ಕಪಾಟಿನಲ್ಲಿ ಬಳಸದೆ ಇಟ್ಟ ಆಕ್ಸಿಮೀಟರ್ ಇದ್ದರೆ ಸಂಘಕ್ಕೆ ಕೊಡಿ. ಅಗತ್ಯವಿರುವ ಮನೆಗೆ ಎರಡು ವಾರದ ಮಟ್ಟಿಗೆ ಕೊಟ್ಟು, ವಾಪಸು ಬಂದ ಮೇಲೆ ಒರೆಸಿ ಇನ್ನೊಂದು ಮನೆಗೆ ಕಳುಹಿಸುತ್ತೇವೆ. ಎರಡನೆಯದಾಗಿ, ದಿನಕ್ಕೆ ಅರ್ಧ ಗಂಟೆ ಬಿಡುವಿದ್ದವರು ಫೋನ್ ಬಳಗಕ್ಕೆ ಸೇರಿ. ಹೋಟೆಲ್ ಹುಡುಗರಿಗೆ, ಒಂಟಿ ಹಿರಿಯರಿಗೆ ಕನ್ನಡದಲ್ಲಿ ಫೋನ್ ಮಾಡಿ ಅಂದಿನ ಅಂಕೆ ಕೇಳಿ ಬರೆದುಕೊಳ್ಳುವುದಷ್ಟೇ ಕೆಲಸ. ಮೂರನೆಯದಾಗಿ, ನಿಧಿಗೆ ಕೈಲಾದಷ್ಟು ಕೊಡಿ. ಬಂದಿರುವ ಬಿಲ್ಲುಗಳಿಗೆ ನೆರವು ಕೊಡಲೇಬೇಕು, ಅದರಿಂದ ಹಿಂದೆ ಸರಿಯಲಾಗದು. ಆದರೆ ಐಸಿಯುವಿನ ಒಂದು ದಿನದ ಖರ್ಚಿನಲ್ಲಿ ಹಲವು ಮನೆಗಳಿಗೆ ಆಕ್ಸಿಮೀಟರ್ ತಲುಪಿಸಬಹುದು.

2021ರ ಜೂನ್‌ನಲ್ಲಿ ಮೂರನೇ ಅಲೆ ಬರಬಹುದೆಂದು ತಜ್ಞರು ಎಚ್ಚರಿಸುತ್ತಿದ್ದರು. ನಿಮ್ಮ ಕಟ್ಟಡದಲ್ಲಿ, ಚಾಳಿನಲ್ಲಿ ಇರುವ ಕನ್ನಡಿಗರ ಹೆಸರು, ಫೋನ್ ನಂಬರು ಬರೆದು ಕಚೇರಿಗೆ ತಲುಪಿಸಿ.

ವೈದ್ಯಕೀಯ ನೆರವು ಸಮಿತಿಯ ಪರವಾಗಿ