ಸೋಯಾ ಅವರೆಯ ಹಾಲು ಮತ್ತು ಲೀ ಶೀಜೆಂಗ್

(ಬರೆದವರು: ವ್ಯವಸಾಯ ಇನ್‌ಸ್ಪೆಕ್ಟರೊಬ್ಬರು, ಎಲ್.ಎಜಿ.)

ಒಂದು ಹೊಸ ಬೆಳೆಯು ಊರಿನಲ್ಲಿ ನೆಲೆಗೊಳ್ಳಬೇಕಾದರೆ ಭೂಮಿಯೂ ಮಳೆಯೂ ಒಪ್ಪಿದರೆ ಸಾಲದು, ಅಡಿಗೆಮನೆಯೂ ಒಪ್ಪಬೇಕು. ಹೊಲದಲ್ಲಿ ಸೊಂಪಾಗಿ ಬೆಳೆದು ಮನೆಯ ಒಲೆಗೆ ಏರದ ಕಾಳು ವರ್ತಕರು ಹೇಳಿದ ದರಕ್ಕೆ ಅಧೀನವಾಗಿರತಕ್ಕದ್ದೇ ಸರಿ. ನಮ್ಮ ರಾಜ್ಯದ ಬೀದರ್, ಬೆಳಗಾವಿ, ಧಾರವಾಡ ಮೊದಲಾದ ಜಿಲ್ಲೆಗಳಲ್ಲಿ ಮುಂಗಾರಿನಲ್ಲಿ ವಿಸ್ತಾರವಾಗಿ ಬೆಳೆಯುವ ಸೋಯಾ ಅವರೆಯ ಸ್ಥಿತಿಯು ಹೀಗೆಯೇ ಇದೆ. ಒಕ್ಕಣೆಯಾದ ಕಾಳೆಲ್ಲವೂ ಎಣ್ಣೆಗಾಗಿ ಪೇಟೆಗೆ ಹೋಗುವುದೇ ಹೊರತು, ಬೆಳೆದವರ ಮನೆಯಲ್ಲಿ ಒಂದು ಹಿಡಿಯಾದರೂ ಬೇಯುವುದು ಅಪರೂಪ. ಈ ಕಾಳನ್ನು ಜನರ ಆಹಾರವನ್ನಾಗಿ ಮಾಡಬೇಕೆಂದು ನೂರು ವರ್ಷಗಳಿಗೂ ಹಿಂದೆ ಪರದೇಶದಲ್ಲಿ ಕಾರ್ಖಾನೆಯನ್ನು ಹೂಡಿ, ಗ್ರಂಥಗಳನ್ನು ಬರೆದು ಶ್ರಮಿಸಿದ ಚೀನಾ ದೇಶೀಯರೊಬ್ಬರ ಚರಿತ್ರೆಯು ನಮ್ಮ ಊರುಗಳ ಮುಖಂಡರಿಗೂ ಹಿಡುವಳಿದಾರರಿಗೂ ಬೋಧಪ್ರದವಾಗಿರುವುದೆಂದು ತಿಳಿದು ಇಲ್ಲಿ ಸಂಗ್ರಹವಾಗಿ ಬರೆಯಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಲೀ ಶೀಜೆಂಗ್ ಎಂಬ ಈ ಮಹನೀಯರು 1881ನೆಯ ಇಸವಿಯಲ್ಲಿ ಬೀಜಿಂಗ್ ನಗರದಲ್ಲಿ ಜನಿಸಿದರು. ಇವರಿಗೆ ಲೀ ಯೂಯಿಂಗ್ ಎಂಬ ಮತ್ತೊಂದು ಹೆಸರೂ ಉಂಟು. ಇವರ ತಂದೆಯವರು ಚಕ್ರವರ್ತಿಗೆ ಗುರುಗಳಾಗಿಯೂ, ಅನಂತರ ರಾಜ್ಯದ ಹಿರಿಯ ಮಂತ್ರಿಗಳಾಗಿಯೂ ಇದ್ದವರು. ಅಂತಹ ಮನೆತನದ ಮಗನು ದರ್ಬಾರಿನ ಅಧಿಕಾರವನ್ನು ಬಯಸುವುದು ಸಹಜವಾಗಿತ್ತು. ಆದರೆ ಇವರು 1902ರಲ್ಲಿ ಚೀನಾದ ರಾಯಭಾರಿಯ ಪರಿವಾರದೊಡನೆ ಫ್ರಾನ್ಸಿಗೆ ಹೋಗಿ, ಅಲ್ಲಿ ಆರಿಸಿಕೊಂಡದ್ದು ವ್ಯವಸಾಯ ವಿದ್ಯೆಯನ್ನು. ಪ್ಯಾರಿಸಿನ ದಕ್ಷಿಣಕ್ಕಿರುವ ಮೊಂತಾರ್ಜಿ ಪಟ್ಟಣದ ವ್ಯವಸಾಯ ಶಾಲೆಯಲ್ಲಿ ಮೂರು ವರ್ಷ ವ್ಯಾಸಂಗ ಮಾಡಿ, ಬಳಿಕ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ರಸಾಯನಶಾಸ್ತ್ರವನ್ನು ಕಲಿತು, ತಮ್ಮ ದೇಶದ ಸೋಯಾ ಅವರೆಯನ್ನೇ ಪರೀಕ್ಷೆಗೆ ತೆಗೆದುಕೊಂಡರು.

ಈ ಕಾಳಿನ ನೂರು ಪಾಲಿನಲ್ಲಿ ಸುಮಾರು 40 ಪಾಲು ಸಸಾರಜನಕವೂ 20 ಪಾಲು ಎಣ್ಣೆಯೂ ಇರುತ್ತವೆ. ಹೆಸರು, ಕಡಲೆ, ತೊಗರಿಗಳಲ್ಲಿರುವ ಸಸಾರಜನಕವು ಇದರ ಸುಮಾರು ಅರ್ಧದಷ್ಟು. ಚೀನೀಯರು ಕಾಳನ್ನು ನೆನೆಸಿ, ಅರೆದು, ಸೋಸಿ, ಕಾಯಿಸಿ ಹಾಲನ್ನು ತೆಗೆಯುವ ಪದ್ಧತಿಯನ್ನೂ, ಆ ಹಾಲನ್ನು ಒಡೆಸಿ ತೋಫು ಎಂಬ ಗಟ್ಟಿಯನ್ನು ಮಾಡುವ ಪದ್ಧತಿಯನ್ನೂ ಬಹುಕಾಲದಿಂದ ಬಲ್ಲವರು. ಲೀಯವರು 1905ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಹೈನುಗಾರಿಕೆಯ ಸಮ್ಮೇಳನದಲ್ಲಿಯೇ ಈ ಸಸ್ಯಕ್ಷೀರದ ವಿಷಯವಾಗಿ ಪ್ರಬಂಧವನ್ನು ಮಂಡಿಸಿದರು. ಹಸುವಿನ ಹಾಲಿನ ತಜ್ಞರ ಮುಂದೆ ಕಾಳಿನ ಹಾಲನ್ನು ವರ್ಣಿಸುವುದಕ್ಕೆ ಸಾಕಷ್ಟು ಧೈರ್ಯವೇ ಬೇಕಾಗಿದ್ದಿರಬೇಕು.

ಕಾರ್ಖಾನೆ ಮತ್ತು ಗ್ರಂಥ

1908-09ರಲ್ಲಿ ಇವರು ಪ್ಯಾರಿಸಿನ ಸಮೀಪದ ಕೊಲೋಂಬ್ ಎಂಬಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದರು. ಕೆಲಸಗಾರರನ್ನು ತಮ್ಮ ಪೂರ್ವಿಕರ ಸೀಮೆಯಾದ ಗಾವೋಯಾಂಗಿನಿಂದ ಕರೆಯಿಸಿಕೊಂಡರು. ಅವರ ಸಂಖ್ಯೆಯು ಕ್ರಮೇಣ ಮೂವತ್ತರಷ್ಟಾಯಿತು. ಸೋಯಾ ಹಾಲು, ತೋಫು, ಹಿಟ್ಟು, ರೊಟ್ಟಿ ಮೊದಲಾದ ಪದಾರ್ಥಗಳು ಇಲ್ಲಿ ತಯಾರಾದುವು. ಫ್ರೆಂಚರ ರುಚಿಯನ್ನು ಅರಿತು, ಅವರಿಗೆ ಪ್ರಿಯವಾದ ಚೀಸುಗಳ ಮಾದರಿಯಲ್ಲಿ ಸೋಯಾ ಚೀಸನ್ನು ಮಾಡುವ ಕ್ರಮವನ್ನೂ ಇವರು ಆಲೋಚಿಸಿದರು. ತಮ್ಮ ವಿಧಾನಗಳಿಗೆ 1910ರ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟಿಗೆ ಅರ್ಜಿಯನ್ನು ಸಲ್ಲಿಸಿದರು. ಅಮೆರಿಕಾದ ಪೇಟೆಂಟು 1913ರಲ್ಲಿ ದೊರೆಯಿತು. ಚೀನಾ ಗಣರಾಜ್ಯದ ಪ್ರಥಮ ಅಧ್ಯಕ್ಷರಾದ ಸನ್ ಯಾತ್-ಸೆನ್‌ರವರು ಈ ಕಾರ್ಖಾನೆಯನ್ನು 1909ರಲ್ಲಿ ಸಂದರ್ಶಿಸಿ, ಮುಂದೆ ತಮ್ಮ ಬರಹದಲ್ಲಿ ಇದನ್ನು ಸ್ಮರಿಸಿದರು.

ಕೆಲಸಗಾರರ ಯೋಗಕ್ಷೇಮದ ವಿಷಯದಲ್ಲಿಯೂ ಲೀಯವರು ಉದಾಸೀನರಾಗಿರಲಿಲ್ಲ. ಹಗಲು ದುಡಿದವರಿಗೆ ರಾತ್ರಿ ಪಾಠಶಾಲೆಯನ್ನು ಏರ್ಪಡಿಸಿ, ಚೀನೀ ಮತ್ತು ಫ್ರೆಂಚ್ ಭಾಷೆಗಳನ್ನೂ ಸಾಮಾನ್ಯ ವಿಜ್ಞಾನವನ್ನೂ ಕಲಿಸುತ್ತಿದ್ದರು. ಕುಡಿತ, ಜೂಜು, ಹೊಗೆಬತ್ತಿಗಳಿಗೆ ಅಲ್ಲಿ ಅವಕಾಶವಿರಲಿಲ್ಲ. ತಾವೂ ಮಾಂಸಾಹಾರವನ್ನು ತ್ಯಜಿಸಿ ಸಸ್ಯಾಹಾರಿಗಳಾದರು. 1910ರಲ್ಲಿ ಚೀನೀ ಭಾಷೆಯಲ್ಲಿ ಸೋಯಾ ಅವರೆಯನ್ನು ಕುರಿತು ಪುಸ್ತಕವನ್ನು ಬರೆದರು. 1912ರಲ್ಲಿ ಫ್ರೆಂಚ್ ವ್ಯವಸಾಯ ತಜ್ಞರೊಬ್ಬರೊಡನೆ ಕೂಡಿ 'ಲ ಸೋಜಾ' ಎಂಬ ಗ್ರಂಥವನ್ನು ಪ್ರಕಟಿಸಿ, ಅದರಲ್ಲಿ ಬೇಸಾಯ, ಆಹಾರ, ಔಷಧ, ಕೈಗಾರಿಕೆ ಎಲ್ಲವನ್ನೂ ವಿವರಿಸಿದರು.

ಕಾರ್ಖಾನೆಯು ಏಕೆ ಬಾಳಲಿಲ್ಲ?

ಇಷ್ಟು ವಿದ್ಯೆ, ಇಷ್ಟು ಶ್ರದ್ಧೆ ಇದ್ದಾಗ್ಯೂ ಕಾರ್ಖಾನೆಯು ವ್ಯಾಪಾರದಲ್ಲಿ ಬೇರೂರಲಿಲ್ಲ. ಇದಕ್ಕೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಹೈನಿಗೂ ಚೀಸಿಗೂ ಹೆಸರಾದ ನಾಡಿನಲ್ಲಿ ಕಾಳಿನ ಹಾಲನ್ನು ಕೇಳುವವರು ಕೆಲವರೇ. ಕಾಳನ್ನಂತೂ ದೂರದ ಚೀನಾದಿಂದ ಹಡಗಿನಲ್ಲಿ ತರಿಸಬೇಕಾಗಿತ್ತು. ಆಗಿನ ತಳಿಗಳು ಉತ್ತರ ಫ್ರಾನ್ಸಿನ ತಂಪು ಹವೆಗೆ ಒಗ್ಗುವಂತಹವಲ್ಲ. ಬೆಳೆಯುವ ನೆಲವೊಂದು ಕಡೆ, ಮಾಡುವ ಯಂತ್ರವೊಂದು ಕಡೆ, ಉಣ್ಣುವ ಬಾಯಿ ಮತ್ತೊಂದು ಕಡೆ ಆದರೆ ಉದ್ಯಮವು ನಿಲ್ಲುವುದು ಹೇಗೆ?

ಆದರೆ ಶ್ರಮವು ವ್ಯರ್ಥವಾಗಲಿಲ್ಲ. ಆ ರಾತ್ರಿಶಾಲೆಯ ಅನುಭವದಿಂದಲೇ ದುಡಿಯುತ್ತ ಓದುವ ಚಳವಳಿಯು ಬೆಳೆದು, 1919ರಿಂದ ಮುಂದಿನ ಎರಡು ಮೂರು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಚೀನೀ ತರುಣರು ಫ್ರಾನ್ಸಿಗೆ ಬಂದರು. ಮುಂದೆ ಚೀನಾದ ಮುಖಂಡರಾದ ಝೌ ಎನ್‌ಲಾಯ್ ಮತ್ತು ಡೆಂಗ್ ಶಿಯಾವೊಪಿಂಗ್‌ರು ಇವರಲ್ಲಿ ಸೇರಿದ್ದರು. ಲೀಯವರು ಸ್ವದೇಶದಲ್ಲಿ ವಿದ್ಯಾಸಂಸ್ಥೆಗಳಿಗಾಗಿ ದುಡಿದು, 1925ರಲ್ಲಿ ಬೀಜಿಂಗಿನ ಅರಮನೆಯ ವಸ್ತುಸಂಗ್ರಹಾಲಯದ ಸ್ಥಾಪನೆಯಲ್ಲಿ ಪ್ರಮುಖರಾಗಿದ್ದು, 1973ರಲ್ಲಿ ತೈಪೆಯಲ್ಲಿ ಕಾಲವಾದರು.

ನಮಗೆ ತಿಳಿಯತಕ್ಕದ್ದು

ಭಾರತದಲ್ಲಿ ಗಾಂಧೀಜಿಯವರು 1935ರಲ್ಲಿ ವಾರ್ಧಾದ ಮಗನವಾಡಿಯಲ್ಲಿ ಸೋಯಾ ಅವರೆಯನ್ನು ಊಟದಲ್ಲಿ ಪ್ರಯೋಗಿಸಿ, 'ಹರಿಜನ' ಪತ್ರಿಕೆಯಲ್ಲಿ ಅದರ ವಿಷಯವನ್ನು ಪ್ರಕಟಿಸಿದರು. ಇಂದು ಲೀಯವರಿಗೆ ಹಡಗಿನಲ್ಲಿ ಬರಬೇಕಾಗಿದ್ದ ಕಾಳು ನಮ್ಮ ಹಗೇವು ಉಗ್ರಾಣಗಳಲ್ಲಿಯೇ ಇದೆ. ನಮಗೆ ಕೊರತೆಯಾಗಿರುವುದು ಅದನ್ನು ಪಕ್ವಮಾಡುವ ತಿಳಿವಳಿಕೆ.

ಈ ತಪ್ಪಿನಲ್ಲಿ ನಾನೂ ಪಾಲುಗಾರನೆಂದು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಗ್ರಾಮದಲ್ಲಿ ಪ್ರಾತ್ಯಕ್ಷಿಕೆಗಾಗಿ ಹಸಿ ಕಾಳನ್ನೇ ಬೀಸಿಸಿ ರೊಟ್ಟಿ ಮಾಡಿಸಿದೆನು. ರೊಟ್ಟಿಯು ಹಸಿವಾಸನೆಯಿಂದಲೂ ಕಹಿಯಿಂದಲೂ ಕೂಡಿತ್ತು. ಮನೆಯ ಹಿರಿಯ ಯಜಮಾನಿತಿಯವರು ಒಂದು ತುಣುಕನ್ನು ಬಾಯಿಗಿಟ್ಟು, "ಸಾಹೇಬರೇ, ಇದನ್ನ ಪೇಟೆಗೇ ಕಳಿಸೋದು ಚಲೋ" ಎಂದರು. ಆ ಊರಿನಲ್ಲಿ ಮರುವರ್ಷ ಯಾರೂ ಈ ಮಾತನ್ನೆತ್ತಲಿಲ್ಲ. ದೋಷವು ಕಾಳಿನದಲ್ಲ, ನನ್ನದು. ಆದುದರಿಂದ ಕೆಳಕಂಡ ಕ್ರಮವನ್ನು ಅನುಸರಿಸತಕ್ಕದ್ದು:

1. ಹಸಿ ಕಾಳನ್ನು ಎಂದಿಗೂ ತಿನ್ನಬಾರದು. ಅದರಲ್ಲಿ ಜೀರ್ಣಶಕ್ತಿಗೆ ಅಡ್ಡಿಮಾಡುವ ಅಂಶವುಂಟು; ಚೆನ್ನಾಗಿ ಬೇಯಿಸಿದರೆ ಅದು ಬಹುಮಟ್ಟಿಗೆ ನಾಶವಾಗುವುದು.

2. ಹಿಟ್ಟಿಗೆ: ಶುದ್ಧಿಮಾಡಿದ ಕಾಳನ್ನು ಕುದಿಯುವ ನೀರಿಗೆ ಹಾಕಿ ಸುಮಾರು ಅರ್ಧ ಗಂಟೆ ಬೇಯಿಸಿ, ಬಸಿದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಸಿಪ್ಪೆ ತೆಗೆದು ಬೀಸಿಸಬೇಕು. ಜೋಳದ ಅಥವಾ ಗೋಧಿಯ ಹಿಟ್ಟು 9 ಪಾಲಿಗೆ ಇದು 1 ಪಾಲು ಸಾಕು. ಎಣ್ಣೆಯಂಶವಿರುವುದರಿಂದ ಬಹುದಿನವಿಟ್ಟರೆ ಕಮಟಾಗುವುದು.

3. ಹಾಲಿಗೆ: ರಾತ್ರಿ ನೆನೆಸಿದ ಕಾಳನ್ನು ಬಸಿದು, ಬಿಸಿನೀರಿನೊಡನೆಯೇ ಅರೆದು, ಬಟ್ಟೆಯಲ್ಲಿ ಸೋಸಿ, ತಳಹತ್ತದಂತೆ ಕೈಯಾಡಿಸುತ್ತ ಸುಮಾರು 20 ನಿಮಿಷ ಕುದಿಸಬೇಕು. ತಣ್ಣೀರಿನಲ್ಲಿ ಅರೆದರೆ ಹಸಿವಾಸನೆಯು ಹುಟ್ಟುವುದು. 1 ಕಿಲೋ ಕಾಳಿಗೆ 6ರಿಂದ 8 ಲೀಟರು ಹಾಲು ಬರುವುದು. ನಿಂಬೆರಸದಿಂದ ಒಡೆಸಿ, ಬಟ್ಟೆಯಲ್ಲಿ ಕಟ್ಟಿ, ಭಾರವಿಟ್ಟರೆ ತೋಫು ಸಿದ್ಧವಾಗುವುದು. ಉಳಿದ ಚರಟವನ್ನು ಬೇಯಿಸಿ ದನಗಳಿಗೆ ಕೊಡಬಹುದು.

ಗ್ರಾಮದ ಮುಖಂಡರು ಮೊದಲು ತಮ್ಮ ಮನೆಯಲ್ಲಿ ಇದನ್ನು ಮಾಡಿಸಿ ನೋಡಬೇಕಾಗಿ ವಿನಂತಿ. ಮಾಲೀಕರು ತಾವೇ ಉಣ್ಣದ ಕಾಳನ್ನು ಆಳುಮಕ್ಕಳಿಗೆ ಉಣ್ಣೆಂದು ಹೇಳಿದರೆ ನಂಬುವವರಾರು? ಮುಂದಿನ ಸುಗ್ಗಿಯಲ್ಲಿ ಪ್ರತಿಯೊಂದು ಮನೆಯವರೂ ಒಂದು ಚೀಲ ಕಾಳನ್ನು ಪೇಟೆಗೆ ಕಳುಹಿಸದೆ ಮನೆಯ ಖರ್ಚಿಗೆಂದು ತೆಗೆದಿರಿಸಲಿ. ದರವು ಬಿದ್ದ ವರ್ಷದಲ್ಲಿಯೂ ಆ ಚೀಲದ ಬೆಲೆಯು ಕಡಮೆಯಾಗದು.