ಅಚ್ಚಿಗೆ ಹೋಗುವ ಮುನ್ನ

ಭದ್ರಾ ನದಿಯ ದಂಡೆಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ (ಎಂಪಿಎಂ) ಭದ್ರಾವತಿಗೆ ‘ಪೇಪರ್ ಟೌನ್’ ಎಂಬ ಬಡಾವಣೆಯನ್ನೂ ಒಂದು ಗುರುತನ್ನೂ ಕೊಟ್ಟಿತು. ಮಲೆನಾಡಿನ ಬಿದಿರು, ಆಮೇಲೆ ನೀಲಗಿರಿ, ಕಬ್ಬಿನ ಸಿಪ್ಪೆ ಇಲ್ಲಿ ಹಾಳೆಯಾದವು. 1977ರಲ್ಲಿ ಸರ್ಕಾರಿ ಕಂಪನಿಯಾದ ಎಂಪಿಎಂ, ಎಂಬತ್ತರ ದಶಕದಲ್ಲಿ ಪತ್ರಿಕಾ ಕಾಗದವನ್ನೂ ತಯಾರಿಸತೊಡಗಿತು. 2015ರ ಕೊನೆಯ ಹೊತ್ತಿಗೆ ಉತ್ಪಾದನೆ ನಿಂತಿತು. ಕಾಗದ ನಿಂತರೂ ಜಿಲ್ಲೆಯಲ್ಲಿ ಪುಸ್ತಕ ನಿಲ್ಲಲಿಲ್ಲ. ಶಿವಮೊಗ್ಗದಲ್ಲಿ ಅಹರ್ನಿಶಿ, ಗೀತಾಂಜಲಿಯಂಥ ಪ್ರಕಾಶನಗಳಿವೆ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯದ ಪ್ರಸಾರಾಂಗವಿದೆ, ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಕಟ್ಟಿದ ಅಕ್ಷರ ಪ್ರಕಾಶನವಿದೆ. ಇದರಿಂದ ಒಂದು ಮಾತು ಸ್ಪಷ್ಟ. ಕಾಗದವನ್ನು ಬೇರೆ ರಾಜ್ಯದಿಂದ ತರಿಸಬಹುದು, ಯಂತ್ರವನ್ನು ಬೇರೆ ಊರಿನಲ್ಲಿ ಓಡಿಸಬಹುದು. ಪುಸ್ತಕ ಚೆನ್ನಾಗಿ ಬರುತ್ತದೋ ಇಲ್ಲವೋ ಎಂಬುದು ಈ ಎರಡಕ್ಕೂ ಮೊದಲು, ಹಸ್ತಪ್ರತಿಗೂ ಮುದ್ರಣ ಯಂತ್ರಕ್ಕೂ ನಡುವಿನ ಮೇಜಿನ ಮೇಲೆ ತೀರ್ಮಾನವಾಗಿರುತ್ತದೆ. ಆ ಮೇಜಿನ ಕೆಲಸಕ್ಕೆ ನಮ್ಮಲ್ಲಿ ‘ಡಿಟಿಪಿ’ ಎಂಬ ಮೂರಕ್ಷರದ ಹೆಸರು ಮಾತ್ರ ಉಳಿದಿದೆ, ಕೂಲಿ ಪುಟಕ್ಕಿಷ್ಟು ಎಂದು ಎಣಿಸುವಷ್ಟಕ್ಕೆ ನಿಂತಿದೆ. ಇದನ್ನು ಬೆರಳಚ್ಚಿನ ಬಾಲಂಗೋಚಿಯಾಗಿ ನೋಡುವುದನ್ನು ಬಿಟ್ಟು ಪೂರ್ಣ ಕಸುಬಾಗಿ ಪರಿಗಣಿಸಬೇಕು ಎಂಬುದು ಈ ಲೇಖನದ ವಾದ.

ಮೊದಲು ಲೆಕ್ಕ ನೋಡೋಣ. ಕನ್ನಡದ ಬಹುಪಾಲು ಕಾದಂಬರಿ, ಕಥಾಸಂಕಲನಗಳು ಡೆಮಿ 1/8 ಅಳತೆಯಲ್ಲಿ ಬರುತ್ತವೆ. 18 ಅಂಗುಲ ಅಗಲ, 23 ಅಂಗುಲ ಉದ್ದದ ಡೆಮಿ ಹಾಳೆಯನ್ನು ಮೂರು ಸಲ ಮಡಿಸಿದರೆ ಎಂಟು ಎಲೆ, ಹದಿನಾರು ಪುಟ. ಇದೇ ಒಂದು ಫಾರಂ. ಮಡಿಸಿದ ಅಳತೆ 9 ಅಂಗುಲಕ್ಕೆ 5.75 ಅಂಗುಲ. ಮೂರು ಬದಿ ಕತ್ತರಿಸಿದ ಮೇಲೆ ಕೈಗೆ ಬರುವುದು ಸುಮಾರು 8.5ಕ್ಕೆ 5.5. 160 ಪುಟಗಳ ಪುಸ್ತಕಕ್ಕೆ ಹತ್ತು ಫಾರಂ ಬೇಕು. ಸಾವಿರ ಪ್ರತಿಗೆ ಹತ್ತು ಸಾವಿರ ಹಾಳೆ, ಅಂದರೆ ಐನೂರರ ಇಪ್ಪತ್ತು ರೀಮು. 70 ಜಿಎಸ್‌ಎಂ ಮ್ಯಾಪ್‌ಲಿಥೋ, ಅಂದರೆ ಚದರ ಮೀಟರಿಗೆ 70 ಗ್ರಾಂ ತೂಗುವ ಕಾಗದ, ಬಳಸಿದರೆ ಅದರ ತೂಕ 190 ಕಿಲೋದ ಆಸುಪಾಸು. ಪುಟ ಕಟ್ಟಿದ ಮೇಲೆ ಪುಸ್ತಕ 163 ಪುಟಕ್ಕೆ ಬಂದು ನಿಂತರೆ ಏನು ಮಾಡುವುದು? ಮೂರು ಪುಟಕ್ಕಾಗಿ ಇನ್ನೊಂದು ಫಾರಂ, ಕನಿಷ್ಠ ಅರ್ಧ ಫಾರಂ ಹೊಸದಾಗಿ ಹಾಕಬೇಕು, ಉಳಿದ ಪುಟಗಳನ್ನು ಖಾಲಿ ಬಿಡಬೇಕು. ಪುಟ ಕಟ್ಟುವವರಿಗೆ ಕಸುಬು ಗೊತ್ತಿದ್ದರೆ ಅಧ್ಯಾಯದ ಶೀರ್ಷಿಕೆಯ ಮೇಲಿನ ಜಾಗವನ್ನೋ ಪುಟಕ್ಕೊಂದು ಸಾಲನ್ನೋ ಹೊಂದಿಸಿ 160ಕ್ಕೇ ತಂದು ನಿಲ್ಲಿಸುತ್ತಾರೆ. ಓದುಗರಿಗೆ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಪ್ರಕಾಶಕರಿಗೆ ಐನೂರರಿಂದ ಸಾವಿರ ಹಾಳೆ ಉಳಿಯುತ್ತದೆ.

ಇದಕ್ಕಿಂತ ಕಠಿಣವಾದದ್ದು ಅಕ್ಷರದ ಕೆಲಸ, ಅದೂ ಕನ್ನಡ ಅಕ್ಷರದ ಕೆಲಸ. ಇವತ್ತಿಗೂ ನಮ್ಮ ಎಷ್ಟೋ ಹಸ್ತಪ್ರತಿಗಳು ಎರಡು ಕಾಲದ ನಡುವೆ ಓಡಾಡುತ್ತಿವೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶ ಮತ್ತು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕನ್ನಡ ಬೆರಳಚ್ಚನ್ನು ಊರೂರಿಗೆ ಮುಟ್ಟಿಸಿದವು, ಆ ಉಪಕಾರ ದೊಡ್ಡದು. ಆದರೆ ಹಳೆಯ ನುಡಿ ಫಾಂಟುಗಳು ಅಕ್ಷರವನ್ನು ಕಣ್ಣಿಗೆ ಕಾಣುವ ಚೂರುಗಳಾಗಿ ಕೂಡಿಡುತ್ತಿದ್ದವು. ಯೂನಿಕೋಡ್ ಅದನ್ನು ಉಚ್ಚಾರಣೆಯ ಕ್ರಮದಲ್ಲಿ ಇಡುತ್ತದೆ. ‘ವರ್ಷ’ ಎಂಬ ಪದದಲ್ಲಿ ಅರ್ಕಾವೊತ್ತು ಕಣ್ಣಿಗೆ ‘ಷ’ದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರೇಫ ಮೊದಲು ಬರಬೇಕು. ‘ಅರ್ಘ್ಯ’ದಂಥ ಕಡೆ ಒತ್ತಕ್ಷರವೂ ನಡುವೆ ಸೇರುತ್ತದೆ. ಪರಿವರ್ತಕ ತಂತ್ರಾಂಶ ಒಂದು ಕಡೆ ಮುಗ್ಗರಿಸಿದರೆ ಆ ತಪ್ಪು ಪುಸ್ತಕದ ತುಂಬ ಮರುಕಳಿಸುತ್ತದೆ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತಿದ ಹಸ್ತಪ್ರತಿಗಳೂ ಬರುತ್ತವೆ. ಒಂದು ಫಾಂಟಿನಲ್ಲಿ ಎರಡೂ ಒಂದೇ ಥರ ಕಂಡು, ಫಾಂಟು ಬದಲಿಸಿದ ಕೂಡಲೇ ಸೊನ್ನೆಗಳೆಲ್ಲ ದಪ್ಪಗೆ ಎದ್ದು ನಿಲ್ಲುತ್ತವೆ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ಪದದ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರಬೇಕು. ಕಡತ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ದಾಟುವಾಗ ಆ ಸಂಕೇತ ಬಿದ್ದುಹೋದರೆ ಅದೇ ಹೆಸರು ‘ರಾಜ್ಕುಮಾರ್’ ಎಂದು ಅಂಟಿಕೊಳ್ಳುತ್ತದೆ. ಪುಟವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಜೋಡಣೆಯ ಆಯ್ಕೆಯನ್ನು ಒತ್ತಲು ಮರೆತರೆ ‘ಸ್ತ್ರೀ’ ಒಡೆದು ಮೂರು ತುಂಡಾಗುತ್ತದೆ. ಇವೆಲ್ಲ ಪರದೆಯ ಮೇಲೆ ಕಣ್ಣು ತಪ್ಪಿಸಿ ಕೂರುವ ದೋಷಗಳು. ಕಾಗದದ ಮೇಲೆ ಕರಡು ತೆಗೆದು, ಬೆರಳಿಟ್ಟು ಸಾಲು ಸಾಲಾಗಿ ಓದುವವರಿಗಷ್ಟೇ ಸಿಗುತ್ತವೆ.

ಸಾಲಿನ ಅಂತರವನ್ನೇ ತೆಗೆದುಕೊಳ್ಳಿ. ಇಂಗ್ಲಿಷಿಗೆ ಸಾಕಾಗುವ ಅಂತರ ಕನ್ನಡಕ್ಕೆ ಸಾಲದು. ನಮ್ಮ ಒತ್ತಕ್ಷರಗಳು ಕೆಳಗಿಳಿಯುತ್ತವೆ, ಗುಡಿಸು ದೀರ್ಘಗಳು ಮೇಲೇರುತ್ತವೆ. ‘ರಾಷ್ಟ್ರ’ದ ಎರಡು ಒತ್ತುಗಳ ಕೆಳಗೆ ಮುಂದಿನ ಸಾಲಿನ ‘ಶ್ರೀ’ಯ ತಲೆ ಬಂದು ತಾಗಿದರೆ ಓದುವ ಕಣ್ಣು ಅಲ್ಲಿ ಎಡವುತ್ತದೆ, ಯಾಕೆ ಎಡವಿತು ಎಂದು ಓದುಗರಿಗೆ ಗೊತ್ತಾಗುವುದಿಲ್ಲ. ಇನ್ನು ಕನ್ನಡದ ಪದಗಳ ಉದ್ದ. ಪ್ರತ್ಯಯಗಳೂ ಸಂಧಿಗಳೂ ಸೇರಿ ‘ಹೊರಟುಹೋಗಬೇಕಾಗಿದ್ದವರೆಲ್ಲರೂ’ ಎಂಬಂಥ ಒಂದೇ ಪದ ಅರ್ಧ ಸಾಲು ನುಂಗುತ್ತದೆ. ನಾಲ್ಕು ಅಂಗುಲದ ಸಾಲನ್ನು ಎರಡೂ ಬದಿ ಸಮಮಾಡಲು ಹೊರಟರೆ ಉಳಿದ ಪದಗಳ ನಡುವೆ ಹಳ್ಳ ಬೀಳುತ್ತದೆ. ಮೊಳೆ ಜೋಡಿಸುವ ಕಾಲದಲ್ಲಿ ಕಂಪಾಸಿಟರುಗಳು ಸಾಲಿನ ಕೊನೆಯಲ್ಲಿ ಸರಿಯಾದ ಅಕ್ಷರದ ಬಳಿ ಪದವನ್ನು ಮುರಿದು ಅಡ್ಡಗೆರೆ ಹಾಕುತ್ತಿದ್ದರು. ಎಲ್ಲಿ ಮುರಿದರೆ ಅರ್ಥ ಕೆಡುವುದಿಲ್ಲ ಎಂಬ ತಿಳಿವಳಿಕೆ ಅವರ ಕೈಬೆರಳಲ್ಲಿತ್ತು. ಗಣಕಯಂತ್ರ ಬಂದ ಮೇಲೆ ಆ ರೂಢಿ ಸದ್ದಿಲ್ಲದೆ ಮರೆಯಾಯಿತು. ಕನ್ನಡದ ಪುಟಕ್ಕೆ ಅದನ್ನು ಮರಳಿ ತರಬೇಕು ಎಂದೇ ನನ್ನ ಅಭಿಪ್ರಾಯ.

ಮಲೆನಾಡಿನ ಮಳೆಯೂ ಈ ಮೇಜಿನ ಲೆಕ್ಕಕ್ಕೆ ಸೇರುತ್ತದೆ. ಕಾಗದಕ್ಕೆ ಒಂದು ಎಳೆಯಿದೆ. ಯಂತ್ರದಲ್ಲಿ ತಿರುಳು ಹರಿದ ದಿಕ್ಕಿನಲ್ಲೇ ನಾರು ಮಲಗಿರುತ್ತದೆ. ತೇವ ಕುಡಿದ ನಾರು ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಉಬ್ಬುತ್ತದೆ. ಎಳೆ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿದ್ದರೆ ಹಾಳೆ ಸಲೀಸಾಗಿ ತಿರುಗುತ್ತದೆ, ಅಡ್ಡವಾಗಿದ್ದರೆ ಪುಟಗಳು ಬೆನ್ನಿನ ಬಳಿ ಸುಕ್ಕಾಗಿ ಪುಸ್ತಕ ತೆರೆದುಕೊಳ್ಳಲು ಹಟ ಮಾಡುತ್ತದೆ. ಮುಖಪುಟದ ಹೊರಬದಿಗೆ ಮಾತ್ರ ಲ್ಯಾಮಿನೇಷನ್ ಇರುವುದರಿಂದ ಆ ಬದಿ ತೇವ ಹೀರುವುದಿಲ್ಲ, ಒಳಬದಿ ಹೀರುತ್ತದೆ. ಶ್ರಾವಣದಲ್ಲಿ ಶಿವಮೊಗ್ಗದ ಅಂಗಡಿಯ ಕಪಾಟಿನಲ್ಲಿ ಹೊಸ ಪುಸ್ತಕಗಳ ಮುಖಪುಟ ಹೊರಕ್ಕೆ ಸುರುಳಿ ಸುತ್ತುವುದು ಇದರಿಂದಲೇ. ತೆಳು ಮುಖಪುಟ, ಅಡ್ಡ ಎಳೆ ಎರಡೂ ಸೇರಿದರೆ ಪುಸ್ತಕ ಮಾರಾಟಕ್ಕೆ ಮೊದಲೇ ಹಳತಾಗಿ ಕಾಣುತ್ತದೆ. ಮುದ್ರಕರ ಬಳಿ ಎಳೆಯ ದಿಕ್ಕನ್ನು ಮೊದಲೇ ಕೇಳಿ ಬರೆಸಿಕೊಳ್ಳುವುದಕ್ಕೆ ಖರ್ಚಿಲ್ಲ. ಬೆನ್ನಿನ ಅಗಲವೂ ಊಹೆಯ ಮಾತಾಗಬಾರದು. 70 ಜಿಎಸ್‌ಎಂ ಹಾಳೆಯ ದಪ್ಪ ಸುಮಾರು 0.09 ಮಿಲಿಮೀಟರ್. 160 ಪುಟ ಎಂದರೆ 80 ಎಲೆ, ಬೆನ್ನು 7 ಮಿಲಿಮೀಟರಿಗಿಂತ ತುಸು ಹೆಚ್ಚು. ಹತ್ತು ಎಂದು ಅಂದಾಜು ಹಾಕಿ ಮುಖಪುಟ ಮಾಡಿದರೆ ಬೆನ್ನಿನ ಮೇಲಿನ ಹೆಸರು ಮುಖಪುಟಕ್ಕೆ ಜಾರುತ್ತದೆ. ಅಂಟಿನ ಬೈಂಡಿಂಗು ಒಳಅಂಚನ್ನು ತಿನ್ನುವುದರಿಂದ ಹೊರಅಂಚಿಗಿಂತ ಒಳಗೆ ಹೆಚ್ಚು ಜಾಗ ಬಿಡಬೇಕು. ಮುಖಪುಟದ ಚಿತ್ರ ಕತ್ತರಿಯ ಗೆರೆಯಾಚೆ 3 ಮಿಲಿಮೀಟರ್ ಚಾಚಿರಬೇಕು, ಒಳಪುಟದ ಅಕ್ಷರ ಕಪ್ಪು ಶಾಯಿಯೊಂದರಲ್ಲೇ ಇರಬೇಕು. ಇವು ಎಲ್ಲ ಮುದ್ರಕರೂ ಹೇಳುವ ಮಾತುಗಳೇ.

ಇಷ್ಟೆಲ್ಲ ಯಾಕೆ, ಓದುಗರಿಗೆ ಬೇಕಾದದ್ದು ಹೂರಣ, ಕಡಿಮೆ ಬೆಲೆ ಎಂಬ ಆಕ್ಷೇಪ ಸಹಜವಾದದ್ದು, ಅದರಲ್ಲಿ ನ್ಯಾಯವೂ ಇದೆ. ಕನ್ನಡದಲ್ಲಿ ಒಳ್ಳೆಯ ಸಾಹಿತ್ಯ ಹಳ್ಳಿಯ ಮೇಷ್ಟರ ಕೈಗೂ ತಲುಪಿದ್ದು ಅಗ್ಗದ ರಟ್ಟಿಲ್ಲದ ಪುಸ್ತಕಗಳಿಂದ. ಪುಸ್ತಕದ ಬೆಲೆ ಏರಿಸುವ ಯಾವ ಸಲಹೆಯನ್ನೂ ಅನುಮಾನದಿಂದಲೇ ನೋಡಬೇಕು. ಆದರೆ ಮೇಲೆ ಹೇಳಿದ ಯಾವುದೂ ದುಬಾರಿ ಕಾಗದವನ್ನಾಗಲಿ ಬಣ್ಣವನ್ನಾಗಲಿ ಕೇಳುವುದಿಲ್ಲ. ಸಾಲಿನ ಅಂತರ ಸರಿಯಿರುವ ಪುಟಕ್ಕೂ ಇಲ್ಲದ ಪುಟಕ್ಕೂ ಶಾಯಿ ಒಂದೇ. ಹೆಚ್ಚು ಬೇಕಾದದ್ದು ಬಲ್ಲವರ ಕೆಲವು ದಿನಗಳ ಶ್ರಮ. ಅದರ ಕೂಲಿಯನ್ನು ಸಾವಿರ ಪ್ರತಿಗಳ ಮೇಲೆ ಹಂಚಿದರೆ ಪ್ರತಿಗೆ ಬೀಳುವುದು ಅಲ್ಪ. ಪ್ರತಿಗಳು ಮುನ್ನೂರಕ್ಕೆ ಇಳಿದಾಗ ಹೊರೆ ಹೆಚ್ಚುತ್ತದೆ ಎಂಬುದು ನಿಜ. ಆಗಲೂ ಫಾರಂ ಲೆಕ್ಕದಲ್ಲಿ ಉಳಿಸಿದ ಕಾಗದ ಆ ಹೊರೆಯ ಒಂದು ಪಾಲನ್ನು ಹೊರುತ್ತದೆ. ನಿಜವಾದ ಅಡ್ಡಿ ಇನ್ನೊಂದು ಕಡೆ ಇದೆ. ಸಾರ್ವಜನಿಕ ಗ್ರಂಥಾಲಯಗಳ ಸಗಟು ಖರೀದಿಯಲ್ಲಿ ಪುಸ್ತಕದ ಬೆಲೆ ಪುಟದ ಅಳತೆ ಮತ್ತು ಪುಟಗಳ ಸಂಖ್ಯೆಯನ್ನು ನೆಚ್ಚಿಕೊಂಡಿರುವ ತನಕ, ಅಕ್ಷರ ದೊಡ್ಡದು ಮಾಡಿ, ಸಾಲು ಕಡಿಮೆ ಮಾಡಿ ಪುಟ ಹಿಗ್ಗಿಸುವ ಆಸೆ ಇದ್ದೇ ಇರುತ್ತದೆ. ಡಿಟಿಪಿ ಕೂಲಿಯೂ ಪುಟಕ್ಕಿಷ್ಟು ಎಂದಾದಾಗ ಪುಟ ಉಳಿಸುವವರೇ ನಷ್ಟಕ್ಕೆ ಸಿಕ್ಕುತ್ತಾರೆ. ಕಸುಬುದಾರರನ್ನು ದೂರಿ ಫಲವಿಲ್ಲ, ಲೆಕ್ಕ ಹಾಕುವ ಕ್ರಮವನ್ನೇ ತಿದ್ದಬೇಕು.

ಇನ್ನೊಂದು ಆಕ್ಷೇಪ ಇದು: ಬೆಂಗಳೂರಿಗೆ ಕಡತ ಕಳಿಸಿದರೆ ವಾರದಲ್ಲಿ ಪುಸ್ತಕ ಬರುತ್ತದೆ, ಶಿವಮೊಗ್ಗದಲ್ಲೇ ಈ ಕೆಲಸ ಬೆಳೆಸಬೇಕಾದ ಅಗತ್ಯವೇನು? ಮುದ್ರಣಕ್ಕೆ ಬೆಂಗಳೂರಿಗೆ ಕಳಿಸಲಿ, ಅಡ್ಡಿಯಿಲ್ಲ. ಆದರೆ ಮುದ್ರಣಾಲಯ ತನಗೆ ಬಂದ ಪಿಡಿಎಫ್ ಅನ್ನು ಓದುವುದಿಲ್ಲ, ಅಚ್ಚು ಹಾಕುತ್ತದೆ. ಓದಬೇಕಾದವರು ಬೇರೆ. ಮಲೆನಾಡಿನ ಕಾದಂಬರಿಯ ಕರಡಿನಲ್ಲಿ ‘ಬ್ಯಾಣ’ ಎಂದಿದ್ದರೆ ಅದು ದನ ಮೇಯುವ ಹುಲ್ಲುಗಾವಲು ಎಂದು ಗೊತ್ತಿಲ್ಲದವರು ‘ಬಾಣ’ ಎಂದು ತಿದ್ದಿಬಿಡುತ್ತಾರೆ. ‘ಕೊನೆಗಾರ’ ಅಡಿಕೆ ಕೊನೆ ಇಳಿಸುವವನು ಎಂದು ತಿಳಿಯದವರಿಗೆ ಆ ಪದವೇ ಅಚ್ಚಿನ ತಪ್ಪಾಗಿ ಕಾಣುತ್ತದೆ. ಕುವೆಂಪು, ಅನಂತಮೂರ್ತಿ, ಲಂಕೇಶ್, ಎಂ.ಕೆ. ಇಂದಿರಾ, ನಾ. ಡಿಸೋಜ ಅವರನ್ನು ಕೊಟ್ಟ ಜಿಲ್ಲೆಯ ಮಾತನ್ನು ಬಲ್ಲ ಕಣ್ಣುಗಳು ಜಿಲ್ಲೆಯಲ್ಲೇ ಹೆಚ್ಚು ಸಿಗುತ್ತವೆ. ನಿವೃತ್ತ ಕನ್ನಡ ಅಧ್ಯಾಪಕರು, ವಿಶ್ವವಿದ್ಯಾಲಯದಿಂದ ಪ್ರತಿವರ್ಷ ಹೊರಬರುವ ಕನ್ನಡ ಎಂ.ಎ. ಪದವೀಧರರು, ಡಿಟಿಪಿ ಅಂಗಡಿಗಳಲ್ಲಿ ವರ್ಷಗಟ್ಟಲೆ ಕೈ ಪಳಗಿಸಿಕೊಂಡವರು ಇಲ್ಲಿದ್ದಾರೆ. ಇವರನ್ನು ಒಂದೇ ಮೇಜಿಗೆ ಸೇರಿಸುವ ವ್ಯವಸ್ಥೆ ಇಲ್ಲದಿರುವುದೇ ಕೊರತೆ. ತಂತ್ರಾಂಶಗಳು ಕರಡು ತಿದ್ದುವ ಕೆಲಸವನ್ನು ಮಾಡಿಕೊಡುತ್ತವೆ ಎಂದು ನಂಬುವವರು ‘ಬ್ಯಾಣ’ವನ್ನು ಒಂದು ಕಾಗುಣಿತ ಪರೀಕ್ಷಕಕ್ಕೆ ಕೊಟ್ಟು ನೋಡಬಹುದು.

ಕನ್ನಡ ಪುಸ್ತಕಗಳ ಹಕ್ಕುಪುಟದಲ್ಲಿ ಪುಟಗಳೆಷ್ಟು, ಪ್ರತಿಗಳೆಷ್ಟು, ಬಳಸಿದ ಕಾಗದ ಯಾವುದು, ಮುಖಪುಟ ಯಾರದು, ಅಕ್ಷರ ಜೋಡಣೆ ಮತ್ತು ಮುದ್ರಣ ಎಲ್ಲಿ ಎಂದು ದಾಖಲಿಸುವ ಒಳ್ಳೆಯ ಪದ್ಧತಿ ನಮ್ಮಲ್ಲಿದೆ. ಕಾಗದದ ಜಿಎಸ್‌ಎಂ ಬರೆಯುವಷ್ಟು ಪ್ರಾಮಾಣಿಕವಾದ ಆ ಪುಟದಲ್ಲಿ ಕರಡು ತಿದ್ದಿದವರ ಹೆಸರು ಮಾತ್ರ ಅಪರೂಪ. ಹೆಸರು ಅಚ್ಚಾದರೆ ಹೊಣೆಯೂ ಬರುತ್ತದೆ, ಮುಂದಿನ ಕೆಲಸವೂ ಹುಡುಕಿಕೊಂಡು ಬರುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಪುಸ್ತಕ ಸೊಗಸು ಬಹುಮಾನವನ್ನೂ ಮುಖಪುಟ ವಿನ್ಯಾಸಕ್ಕೆ ಬೇರೆಯೇ ಬಹುಮಾನವನ್ನೂ ಕೊಡುತ್ತದೆ, ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನವನ್ನೂ ಕೊಡುತ್ತದೆ. ಆ ಪ್ರೋತ್ಸಾಹಧನದ ಒಂದು ಭಾಗವನ್ನು ಕರಡು ತಿದ್ದುವುದಕ್ಕೂ ಪುಟವಿನ್ಯಾಸಕ್ಕೂ ಮೀಸಲಿಟ್ಟರೆ ಹೊಸ ಲೇಖಕರ ಮೊದಲ ಪುಸ್ತಕವೇ ಅಚ್ಚುಕಟ್ಟಾಗಿ ಬರುತ್ತದೆ. ಶಿವಮೊಗ್ಗದಲ್ಲಿ 1930ರಿಂದ ನಡೆದುಬಂದಿರುವ ಕರ್ನಾಟಕ ಸಂಘ ಕಾದಂಬರಿ, ಕವನ, ಅನುವಾದಗಳಿಗೆ ಪುಸ್ತಕ ಬಹುಮಾನ ಕೊಡುತ್ತ ಬಂದಿದೆ. ಆ ಪಟ್ಟಿಗೆ ಅಚ್ಚಿನ ಸಿದ್ಧತೆ ಎಂಬ ಒಂದು ವಿಭಾಗ ಸೇರಿದರೆ, ಮೊತ್ತ ಚಿಕ್ಕದಾದರೂ ಸರಿ, ಕರಡು ತಿದ್ದುವವರ ಮತ್ತು ಪುಟ ಕಟ್ಟುವವರ ಹೆಸರುಗಳು ಲೇಖಕರ ಹೆಸರಿನ ಜೊತೆಗೆ ಸಂಘದ ವೇದಿಕೆಯಿಂದ ಕೇಳಿಬಂದಾವು.