ಜಾಲತಾಣದ ಆರೋಗ್ಯ: ನೂರಕ್ಕೆ ಎಷ್ಟು?



ಕೆಲವು ತಿಂಗಳ ಹಿಂದೆ ಒಂದು ಧರ್ಮಕೇಂದ್ರದ ಪಾಲನಾ ಮಂಡಳಿಯ ಕಾರ್ಯದರ್ಶಿಯವರು ಇ-ಮೇಲ್ ಒಂದರ ಪ್ರತಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದಿದ್ದರು. ‘ನಿಮ್ಮ ಜಾಲತಾಣದ ಎಸ್‌ಇಒ ಆರೋಗ್ಯ ನೂರಕ್ಕೆ 41, ಪರಿಸ್ಥಿತಿ ಗಂಭೀರ’ ಎಂದು ಕೆಂಪು ಅಕ್ಷರಗಳಲ್ಲಿ ಬರೆದು, ಸರಿಪಡಿಸಲು 30,000 ರೂಪಾಯಿ ಕೇಳಲಾಗಿತ್ತು. ವಿಷಯ ಮಂಡಳಿಯ ಸಭೆಗೂ ಬಂದು, ಹಣ ಮಂಜೂರು ಮಾಡುವ ಹಂತ ತಲುಪಿತ್ತು. ‘ಫಾದರ್, ಇದನ್ನು ನಂಬಬಹುದಾ?’ ಎಂಬುದು ಅವರ ಪ್ರಶ್ನೆ. ಇಂಥ ಪತ್ರಗಳು ಬೇರೆ ಚರ್ಚುಗಳಿಗೂ ಶಾಲೆಗಳಿಗೂ ಬರುತ್ತಿರುವುದರಿಂದ, ಅಂದು ಅವರೊಂದಿಗೆ ಕುಳಿತು ನೋಡಿದ್ದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಎಸ್‌ಇಒ ಎಂದರೆ ಸರ್ಚ್ ಇಂಜಿನ್ ಆಪ್ಟಿಮೈಸೇಶನ್. ಗೂಗಲ್‌ನಂಥ ಹುಡುಕುಯಂತ್ರಗಳಿಗೆ ನಮ್ಮ ಪುಟಗಳು ಸಿಗುವಂತೆ, ಅವು ಏನು ಹೇಳುತ್ತವೆಂದು ತಿಳಿಯುವಂತೆ ಅಣಿಗೊಳಿಸುವ ಕೆಲಸ. ಅದರ ಒಟ್ಟು ಆರೋಗ್ಯಕ್ಕೆ ಗೂಗಲ್ ಯಾವುದೇ ಒಂದು ಅಂಕವನ್ನು ಪ್ರಕಟಿಸುವುದಿಲ್ಲ. ಹಿಂದೆ ಪೇಜ್‌ರ‍್ಯಾಂಕ್ ಎಂಬ ಸೊನ್ನೆಯಿಂದ ಹತ್ತರವರೆಗಿನ ಅಂಕವೊಂದು ಬ್ರೌಸರ್ ಪಟ್ಟಿಯಲ್ಲಿ ಕಾಣುತ್ತಿತ್ತು. 2016ರಲ್ಲಿ ಗೂಗಲ್ ಅದನ್ನೂ ತೆಗೆದುಹಾಕಿತು. ಈಗ ಕಾಣುವ ನೂರರ ಅಂಕಗಳಲ್ಲಿ ಹೆಚ್ಚಿನವು ಖಾಸಗಿ ಕಂಪನಿಗಳ ಲೆಕ್ಕ. ಮಾಝ್ ಕಂಪನಿಯ ‘ಡೊಮೇನ್ ಅಥಾರಿಟಿ’ಯನ್ನು ಗೂಗಲ್ ಬಳಸುವುದಿಲ್ಲವೆಂದು ಆ ಕಂಪನಿಯೇ ಹೇಳುತ್ತದೆ. ಅಹ್ರೆಫ್ಸ್ ಕಂಪನಿಯ ‘ಹೆಲ್ತ್ ಸ್ಕೋರ್’ ತಿಳಿಸುವುದು ಪರೀಕ್ಷಿಸಿದ ವಿಳಾಸಗಳಲ್ಲಿ ತಾಂತ್ರಿಕ ದೋಷವಿಲ್ಲದವು ನೂರಕ್ಕೆ ಎಷ್ಟು ಎಂಬುದನ್ನು ಮಾತ್ರ. ಇಂಥ ಲೆಕ್ಕಗಳು ನಿರುಪಯೋಗಿಯಲ್ಲ, ಮುರಿದ ಕೊಂಡಿಗಳನ್ನು ಪತ್ತೆಹಚ್ಚಲು ನಾವೂ ಬಳಸುತ್ತೇವೆ. ಆದರೆ ಜನರಿಗೆ ಬೇಕಾದದ್ದು ಸಿಗುತ್ತಿದೆಯೇ ಎಂಬುದು ಈ ಅಂಕದಿಂದ ತಿಳಿಯುವುದಿಲ್ಲ.

ಕಾರ್ಯದರ್ಶಿಯವರ 41ರ ಗುಟ್ಟು ಬೇಗ ತಿಳಿಯಿತು. ವಾರ್ಷಿಕ ಹಬ್ಬದ ಆಲ್ಬಂಗಳಲ್ಲಿ ಪ್ರತಿ ಫೋಟೋಗೂ ಒಂದೊಂದು ಪುಟ. ಯಾವುದಕ್ಕೂ ವಿವರಣೆ ಇಲ್ಲ. ನೂರಾರು ಪುಟಗಳಲ್ಲಿ ಅದೇ ಒಂದು ತಪ್ಪು ನೂರಾರು ಸಲ ಎಣಿಕೆಯಾಗಿತ್ತು. ಆ ಫೋಟೋಗಳನ್ನು ಗೂಗಲ್‌ನಲ್ಲಿ ಹುಡುಕುವವರು ಯಾರು?

ನಿಜವಾದ ಪರೀಕ್ಷೆಯನ್ನು ನಾವು ಬೇರೆ ಕಡೆಯಿಂದ ಆರಂಭಿಸಿದೆವು. ಗೂಗಲ್‌ನ ಹುಡುಕುಪೆಟ್ಟಿಗೆಯಲ್ಲಿ ಸೈಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಜಾಲತಾಣದ ವಿಳಾಸ ಕೊಟ್ಟರೆ ಗೂಗಲ್‌ಗೆ ಗೊತ್ತಿರುವ ಪುಟಗಳು ಬರುತ್ತವೆ. ಇದು ಅಂದಾಜು ಮಾತ್ರ. ಸರಿಯಾದ ಲೆಕ್ಕಕ್ಕೆ ಸರ್ಚ್ ಕನ್ಸೋಲ್ ಎಂಬ ಗೂಗಲ್‌ನ ಉಚಿತ ಸೌಲಭ್ಯವಿದೆ. ಜಾಲತಾಣ ನಮ್ಮದೇ ಎಂದು ರುಜುವಾತು ಕೊಟ್ಟರೆ ಸಾಕು. ಎಷ್ಟು ಪುಟಗಳು ಗೂಗಲ್‌ನ ಸೂಚಿಯಲ್ಲಿವೆ, ಎಷ್ಟು ಇಲ್ಲ, ಏಕೆ ಇಲ್ಲ ಎಂಬುದನ್ನು ಅದು ಕಾರಣಸಹಿತ ತೋರಿಸುತ್ತದೆ. ಹೊರಗುಳಿದ ಪುಟಗಳ ಸಂಖ್ಯೆ ದೊಡ್ಡದಿದ್ದರೆ ಗಾಬರಿ ಬೇಡ. ಅಳಿಸಿದ ಪುಟ, ಬೇರೆಡೆಗೆ ತಿರುಗಿಸಿದ ವಿಳಾಸ, ನಕಲು ಪ್ರತಿ ಇವೆಲ್ಲ ಹೊರಗೇ ಇರಬೇಕಾದವು. ಕೇಳಬೇಕಾದ ಪ್ರಶ್ನೆ ಇಷ್ಟೇ: ಜನರಿಗೆ ಬೇಕಾದ ಹತ್ತು ಹದಿನೈದು ಪುಟಗಳು ಒಳಗಿವೆಯೇ? ವರ್ಡ್‌ಪ್ರೆಸ್ ಬಳಸುವವರು ಇನ್ನೊಂದನ್ನೂ ನೋಡಬೇಕು. ಜಾಲತಾಣ ಕಟ್ಟುವಾಗ ‘ಹುಡುಕುಯಂತ್ರಗಳು ಬರುವುದು ಬೇಡ’ ಎಂಬ ಚೌಕಕ್ಕೆ ಗುರುತು ಹಾಕಿ, ಉದ್ಘಾಟನೆಯ ನಂತರ ತೆಗೆಯಲು ಮರೆಯುವುದು ಅಪರೂಪವಲ್ಲ.

ಇಲ್ಲಿ ಆ ಚೌಕ ಸರಿಯಾಗಿಯೇ ಇತ್ತು. ಆದರೂ ಬಲಿಪೂಜೆಯ ಸಮಯವನ್ನು ಹುಡುಕಿದರೆ ಬರುತ್ತಿದ್ದುದು ಹಳೆಯ ಸುದ್ದಿಪುಟವೊಂದು. ಅದರಲ್ಲಿ ಭಾನುವಾರದ ಎರಡನೇ ಪೂಜೆ 10 ಗಂಟೆಗೆ ಎಂದಿತ್ತು, ಅದು 8.30ಕ್ಕೆ ಬದಲಾಗಿ ವರ್ಷಗಳೇ ಕಳೆದಿದ್ದವು. ಹೊಸ ವೇಳಾಪಟ್ಟಿ ಜಾಲತಾಣದಲ್ಲಿ ಇದ್ದದ್ದೇನೋ ನಿಜ, ಆದರೆ ಬಣ್ಣಬಣ್ಣದ ಪೋಸ್ಟರಿನ ಚಿತ್ರವಾಗಿ. ಮುಖ್ಯ ಮಾಹಿತಿಯನ್ನು ಚಿತ್ರದೊಳಗೆ ಇಡಬೇಡಿ ಎಂದು ಗೂಗಲ್ಲೇ ಸಲಹೆ ನೀಡುತ್ತದೆ. ಆಗ ಕಾರ್ಯದರ್ಶಿಯವರಿಗೆ ಒಂದು ಘಟನೆ ನೆನಪಾಯಿತು. ಕೊಲ್ಲಿಯಿಂದ ಬಂದ ಕುಟುಂಬವೊಂದು ತಾಯಿಯ ಪುಣ್ಯಸ್ಮರಣೆಯ ಪೂಜೆಗೆಂದು ವಿಮಾನ ನಿಲ್ದಾಣದಿಂದ ನೇರವಾಗಿ ಚರ್ಚಿಗೆ ಬಂದಾಗ, ಮಿರ್ನಿಯವರು ಬಾಗಿಲು ಹಾಕುತ್ತಿದ್ದರಂತೆ. ‘ಸಮಯ ತಪ್ಪಿ ಬಂದರು ಎಂದು ನಾವು ಅವರನ್ನೇ ದೂರಿದೆವು’ ಎಂದರು ಕಾರ್ಯದರ್ಶಿ. 41ರ ಆ ಪತ್ರದಲ್ಲಿ ಈ ದೋಷದ ಬಗ್ಗೆ ಒಂದು ಸಾಲೂ ಇರಲಿಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ತೋರುವ ಸಮಯವೂ ಇಂಥ ಅಂಕಗಳ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು.

ವೇಗದ ವಿಷಯ ಚಿಕ್ಕದಾಗಿ ಹೇಳುತ್ತೇವೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು; ಬೆರಳಿನಿಂದ ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪುಟ ಸ್ಪಂದಿಸಬೇಕು (ಈ ಅಳತೆ 2024ರ ಮಾರ್ಚ್‌ನಲ್ಲಿ ಸೇರಿದ್ದು); ಓದುತ್ತಿರುವಾಗ ಸಾಲುಗಳು ಜಾರುವ ಅಳತೆ 0.1 ಮೀರಬಾರದು. ನಾಲ್ಕು ಭೇಟಿಗಳಲ್ಲಿ ಮೂರಾದರೂ ಹೀಗಿದ್ದರೆ ಗೂಗಲ್ ಅದನ್ನು ಒಳ್ಳೆಯದೆನ್ನುತ್ತದೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಉಚಿತವಾಗಿ ನೋಡಬಹುದು. ಭೇಟಿ ಕೊಡುವವರು ಕಡಿಮೆಯಿರುವ ಜಾಲತಾಣಗಳಿಗೆ ನಿಜವಾದ ಬಳಕೆದಾರರ ಮಾಹಿತಿ ಸಿಗದೆ, ಪ್ರಯೋಗದ ಅಂಕ ಮಾತ್ರ ಕಾಣುತ್ತದೆ. ಕ್ಯಾಮರಾದಿಂದ ತೆಗೆದ 5 ಎಂಬಿ ಫೋಟೋವನ್ನು ಹಾಗೆಯೇ ಹಾಕದಿದ್ದರೆ ನಮ್ಮ ಜಾಲತಾಣಗಳ ಅರ್ಧ ಕಾಯಿಲೆ ಅಲ್ಲಿಗೇ ವಾಸಿ.

ಜನರು ಬರುತ್ತಿದ್ದಾರೆಯೇ ಎಂಬುದಕ್ಕೆ ಸರ್ಚ್ ಕನ್ಸೋಲ್‌ನಲ್ಲಿ 16 ತಿಂಗಳ ದಾಖಲೆ ಸಿಗುತ್ತದೆ: ಎಷ್ಟು ಬಾರಿ ನಮ್ಮ ಪುಟ ಫಲಿತಾಂಶದಲ್ಲಿ ಕಾಣಿಸಿತು, ಎಷ್ಟು ಮಂದಿ ಒತ್ತಿ ಒಳಬಂದರು, ಏನೆಂದು ಹುಡುಕಿದ್ದರು. ಜನವರಿಯನ್ನು ಡಿಸೆಂಬರ್‌ಗೆ ಹೋಲಿಸಿ ‘ಬಿದ್ದುಹೋಯಿತು’ ಎನ್ನಬಾರದು. ಕ್ರಿಸ್‌ಮಸ್ ಮುಗಿದ ಮೇಲೆ ಇಳಿಯುವುದು ಸಹಜ. ಈ ವರ್ಷದ ತಿಂಗಳನ್ನು ಕಳೆದ ವರ್ಷದ ಅದೇ ತಿಂಗಳಿಗೆ ಹೋಲಿಸಬೇಕು. ಅದರಲ್ಲೂ ಪಾಸ್ಖ ಹಬ್ಬ 2024ರಲ್ಲಿ ಮಾರ್ಚ್ 31ಕ್ಕೆ, 2025ರಲ್ಲಿ ಏಪ್ರಿಲ್ 20ಕ್ಕೆ ಬಂದಿತ್ತು. ಇದನ್ನು ತಿಳಿಯದ ತಂತ್ರಜ್ಞನಿಗೆ ಆ ಎರಡು ಮಾರ್ಚ್‌ಗಳ ವ್ಯತ್ಯಾಸ ರೋಗದಂತೆಯೇ ಕಾಣುತ್ತದೆ. ಸರಾಸರಿ ಸ್ಥಾನ ಎಂಬ ಸಂಖ್ಯೆಯನ್ನೂ ಎಚ್ಚರದಿಂದ ಓದಬೇಕು. ಹೊಸ ಹೊಸ ಪದಗಳಿಗೆ ನಮ್ಮ ಪುಟ ನಲವತ್ತನೆಯ ಸ್ಥಾನದಲ್ಲಿ ಕಾಣತೊಡಗಿದರೆ ಸರಾಸರಿ ಕುಸಿಯುತ್ತದೆ, ನಷ್ಟವೇನೂ ಆಗಿರುವುದಿಲ್ಲ.

ಕೊನೆಯದಾಗಿ ಕನ್ನಡ ಜಾಲತಾಣಗಳದ್ದೇ ಆದ ಒಂದು ತೊಂದರೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನವಿದ್ದರೂ, 2000ದ ದಶಕದಲ್ಲಿ ನಮ್ಮಲ್ಲಿ ಅನೇಕರು ಬರಹ, ನುಡಿಯ ಹಳೆಯ ಫಾಂಟ್‌ಗಳಲ್ಲೇ ಪುಟ ಸಿದ್ಧಪಡಿಸುತ್ತಿದ್ದೆವು. ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಹುಡುಕುಯಂತ್ರ ಓದುವುದು ಅದನ್ನೇ. ಪರೀಕ್ಷೆ ಸುಲಭ: ಪುಟದಿಂದ ಒಂದು ಸಾಲನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಸರಿ. ಯೂನಿಕೋಡ್ ಇದ್ದರೂ ಊರಿನ ಹೆಸರನ್ನು ಶೀರ್ಷಿಕೆಯಲ್ಲಿ ಇಂಗ್ಲಿಷಿನಲ್ಲೂ ಬರೆಯುವುದು ಒಳ್ಳೆಯದು. ಹೊರದೇಶದಲ್ಲಿರುವ ನಮ್ಮವರಲ್ಲಿ ಹಲವರು ಹುಡುಕುವುದು ಹಾಗೆಯೇ.

30,000 ರೂಪಾಯಿ ಖರ್ಚಾಗಲಿಲ್ಲ. ಪೂಜೆಯ ಸಮಯಕ್ಕೆ ಅಕ್ಷರಗಳಲ್ಲೇ ಒಂದು ಪುಟ ಮಾಡಿ, ಹಳೆಯ ವಿಳಾಸವನ್ನು ಅದಕ್ಕೆ ತಿರುಗಿಸಲಾಯಿತು. ಮೂರು ವಾರದೊಳಗೆ ಗೂಗಲ್‌ನಲ್ಲಿ ಸರಿಯಾದ ಸಮಯ ಕಾಣಿಸಿಕೊಂಡಿತು. ಹಳೆಯ ಫಾಂಟಿನಲ್ಲಿ ಸಿಕ್ಕಿಬಿದ್ದಿರುವ ಮರಣವಾರ್ತೆ ಮತ್ತು ವರದಿಗಳ ಸುಮಾರು 200 ಪುಟಗಳನ್ನು ಯುವಜನರು ಯೂನಿಕೋಡ್‌ಗೆ ಬದಲಾಯಿಸುತ್ತಿದ್ದಾರೆ. ಪರಿವರ್ತನೆಯಲ್ಲಿ ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಸ್ಥಾನ ತಪ್ಪುತ್ತವೆ. ತೀರಿಹೋದವರ ಹೆಸರು, ಮನೆತನ, ವಾಳೆಯ ಹೆಸರುಗಳನ್ನು ಸರಿಯಾಗಿ ಬಲ್ಲವರು ಆ ಯುವಜನರಲ್ಲಿ ಕಡಿಮೆ. ಆದ್ದರಿಂದ ಪ್ರತಿ ಶನಿವಾರ ಸಂಜೆ ಇಬ್ಬರು ಹಿರಿಯರು ಕನ್ನಡಕ ಏರಿಸಿಕೊಂಡು ಚರ್ಚ್ ಕಚೇರಿಯಲ್ಲಿ ಕರಡು ತಿದ್ದುತ್ತಿದ್ದಾರೆ. ನಾವು ವಿಚಾರಿಸಿದಾಗ 2004ರವರೆಗೆ ಮುಗಿದಿತ್ತು.